ಹೋದ ಹಣದ ಜಾಡು: ಪೊಲೀಸರಿಗೆ ತರಬೇತಿ, ನಮಗೆ ಎಚ್ಚರ



ಪಶುವೈದ್ಯರು ಬರೆಯುವ ಪುಟದಲ್ಲಿ ಪೊಲೀಸರ ವಿಷಯ ಏಕೆ ಎಂದು ನಿಮಗೆ ಅನಿಸಬಹುದು. ಸಂಘಗಳ ಸಭೆಗೆ ಹೋದಾಗ ಕೆಚ್ಚಲು ಬಾವು, ಗರ್ಭ ಕಟ್ಟದಿರುವುದು ಮುಂತಾದ ಪ್ರಶ್ನೆಗಳ ಜೊತೆಗೆ ಈಚೆಗೆ ಇನ್ನೊಂದು ಪ್ರಶ್ನೆಯೂ ಬರುತ್ತಿದೆ. "ಫೋನಿನಲ್ಲಿ ಮೋಸ ಮಾಡಿ ಖಾತೆಯ ಹಣ ತೆಗೆದರೆ, ಹೆಚ್ಚು ಬಡ್ಡಿ ಕೊಡುತ್ತೇವೆಂದ ಕಂಪೆನಿ ಬಾಗಿಲು ಹಾಕಿದರೆ, ಪೊಲೀಸರಿಂದ ಹಣ ವಾಪಸು ಸಿಗುತ್ತದೆಯೇ?" ಬೆಳಿಗ್ಗೆ ಐದು ಗಂಟೆಗೆ ಎದ್ದು ಹಾಲು ಕರೆದು ಗಳಿಸಿದ ಹಣದ ಮಾತು ಇದು. ಆದ್ದರಿಂದ ತಿಳಿದಿರುವಷ್ಟನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಸಂಕ್ಷಿಪ್ತವಾಗಿ ಹೇಳುವುದಾದರೆ, ಹಣ ವಾಪಸು ಬರುವುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ತನಿಖೆ ಮಾಡುವವರ ತರಬೇತಿ, ದೂರು ಕೊಟ್ಟ ವೇಗ, ದೂರುದಾರರ ಕೈಯಲ್ಲಿರುವ ಕಾಗದ. ಮೊದಲನೆಯದು ಸರ್ಕಾರದ ಕೆಲಸ. ಉಳಿದೆರಡು ನಮ್ಮ ಕೈಯಲ್ಲಿವೆ.

ತರಬೇತಿ ಏಕೆ ಬೇಕಾಯಿತು?

ದನ ಕಳವಾದರೆ, ಮನೆಗೆ ಕನ್ನ ಬಿದ್ದರೆ ಏನು ಮಾಡಬೇಕೆಂಬುದು ಪೊಲೀಸರಿಗೆ ಹಿಂದಿನಿಂದಲೂ ಗೊತ್ತು. ಸ್ಥಳ ಮಹಜರು, ಬೆರಳ ಗುರುತು, ಸಾಕ್ಷಿಗಳ ಹೇಳಿಕೆ ಇವು ಅಲ್ಲಿನ ಕ್ರಮ. ಹಣಕಾಸಿನ ಅಪರಾಧದಲ್ಲಿ ಬಾಗಿಲು ಮುರಿದಿರುವುದಿಲ್ಲ, ಕಳ್ಳನನ್ನು ಯಾರೂ ಕಂಡಿರುವುದಿಲ್ಲ. ಸಿಗುವುದು ಬ್ಯಾಂಕಿನ ಲೆಕ್ಕಪಟ್ಟಿ, ಮೊಬೈಲ್ ಸಂಖ್ಯೆ, ಕಂಪೆನಿಯ ಕಾಗದಪತ್ರ ಮಾತ್ರ. ಇವುಗಳನ್ನು ಓದುವುದು ಬೇರೆಯೇ ವಿದ್ಯೆ.

ಈ ಕಾರಣದಿಂದ ಕರ್ನಾಟಕದಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗೆಂದೇ 'ಸೆನ್' ಠಾಣೆಗಳನ್ನು ತೆರೆಯಲಾಯಿತು. ಬೆಂಗಳೂರಿನ ಸಿಐಡಿ ಕಚೇರಿಯಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ 2019ರಲ್ಲಿ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರ ಆರಂಭವಾಯಿತು. ಪೊಲೀಸರ ಜೊತೆಗೆ ಸರ್ಕಾರಿ ಅಭಿಯೋಜಕರಿಗೂ ನ್ಯಾಯಾಂಗ ಅಧಿಕಾರಿಗಳಿಗೂ ಅಲ್ಲಿ ತರಬೇತಿ ನೀಡಲಾಗಿದೆ. ಪೊಲೀಸರು ಹಣದ ಜಾಡು ಹಿಡಿದರೂ ಅದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಲ್ಲವೇ? ಹೊರದೇಶಗಳಲ್ಲಿಯೂ ಇದೇ ಕ್ರಮವಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಸ್ಥೆಯೊಂದು ಹಲವು ದೇಶಗಳ ತನಿಖಾಧಿಕಾರಿಗಳಿಗೆ ಕಲ್ಪಿತ ಪ್ರಕರಣವೊಂದನ್ನು ಕೊಟ್ಟು, ಕೆಲವು ದಿನ ಅದರ ಹಣವನ್ನು ಹುಡುಕಿಸಿ ಕಲಿಸುತ್ತದೆ. ಇಂಜೆಕ್ಷನ್ ಕೊಡುವುದನ್ನು ಪುಸ್ತಕ ಓದಿ ಕಲಿಯಲಾಗದು. ಇದೂ ಹಾಗೆಯೇ.

ಹಣದ ಜಾಡು ಹಿಡಿಯುವುದು ಹೇಗೆ?

ನಮ್ಮ ಹಟ್ಟಿಯ ಉದಾಹರಣೆಯಿಂದಲೇ ಇದನ್ನು ತಿಳಿಯಬಹುದು. ಒಂದು ಊರಿನಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡರೆ ನಾವು ಏನು ಮಾಡುತ್ತೇವೆ? ಆ ದನದ ಕಿವಿಯೋಲೆಯ 12 ಅಂಕಿಯ ಸಂಖ್ಯೆ ನೋಡುತ್ತೇವೆ. ಅದು ಯಾರ ಹಟ್ಟಿಯಿಂದ ಬಂತು, ಜೊತೆಯಲ್ಲಿದ್ದ ದನಗಳು ಎಲ್ಲಿಗೆ ಹೋದವು ಎಂದು ವಿಚಾರಿಸುತ್ತೇವೆ. ವಿಚಾರಣೆ ಮುಗಿಯುವ ತನಕ ಕಾಯದೆ ಮೊದಲು ಕಾಯಿಲೆಯ ದನವನ್ನು ಬೇರೆ ಕಟ್ಟಿಸುತ್ತೇವೆ.

ಹಣದ ತನಿಖೆಯೂ ಇದೇ ದಾರಿಯಲ್ಲಿ ನಡೆಯುತ್ತದೆ. ಖಾತೆ ಸಂಖ್ಯೆಯೇ ಅಲ್ಲಿನ ಕಿವಿಯೋಲೆ. ದನ ಮಾರಿದ 50,000 ರೂಪಾಯಿ ಮೋಸಗಾರನ ಖಾತೆಗೆ ಹೋಯಿತೆಂದು ಇಟ್ಟುಕೊಳ್ಳಿ. ಅದು ಅಲ್ಲಿ ನಿಲ್ಲುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಎರಡನೆಯ, ಮೂರನೆಯ ಖಾತೆಗಳಿಗೆ ಹಂಚಿಹೋಗಿ, ಕೊನೆಗೆ ಯಾವುದೋ ಊರಿನ ಎಟಿಎಂನಲ್ಲಿ ನಗದಾಗುತ್ತದೆ. ನಗದಾಗುವ ಮೊದಲು ಖಾತೆಯನ್ನು ತಡೆಹಿಡಿದರೆ ಹಣ ಉಳಿಯುತ್ತದೆ. ನಗದಾದ ಮೇಲೆ ವ್ಯಕ್ತಿಯನ್ನು ಹುಡುಕಬೇಕು, ಅವನ ಆಸ್ತಿಯನ್ನು ಹುಡುಕಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ.

ಎರಡು ಪ್ರಕರಣಗಳ ಪಾಠ

ಬೆಂಗಳೂರಿನ ಐಎಂಎ ಕಂಪೆನಿಯ ಹೆಸರು ಕೇಳಿರಬಹುದು. ಲಾಭದ ಆಸೆಯಿಂದ ಸಾವಿರಾರು ಕುಟುಂಬಗಳು ಅಲ್ಲಿ ಹಣ ತೊಡಗಿಸಿದ್ದವು. 2019ರ ಜೂನ್ ತಿಂಗಳಲ್ಲಿ ಮಾಲಿಕನು ದುಬೈಗೆ ಓಡಿಹೋದನು. ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಜುಲೈನಲ್ಲಿ ದೆಹಲಿಗೆ ಮರಳಿದಾಗ ಅವನ ಬಂಧನವಾಯಿತು. ಕಟ್ಟಡವೊಂದರ ಈಜುಕೊಳದ ಕೆಳಗೆ ಹುಡುಕಿದಾಗ ಸುಮಾರು 300 ಕಿಲೋ ಬಿಸ್ಕತ್ತುಗಳು ಸಿಕ್ಕವು. ಪರೀಕ್ಷಿಸಿದರೆ ಅವು ನಕಲಿ ಚಿನ್ನ! ಅದೇ ವರ್ಷ ತನಿಖೆ ಸಿಬಿಐಗೆ ಹೋಯಿತು. ಜಪ್ತಿಯಾದ ಆಸ್ತಿಯ ಹೊಣೆ ಹೊತ್ತ ಸಕ್ಷಮ ಪ್ರಾಧಿಕಾರ 2020ರಲ್ಲಿ ಠೇವಣಿದಾರರಿಂದ ಅರ್ಜಿ ಕರೆಯಿತು. ಕಟ್ಟಿದ ಹಣವೆಷ್ಟು, ಲಾಭದ ಹೆಸರಿನಲ್ಲಿ ಆಗಲೇ ಪಡೆದದ್ದೆಷ್ಟು ಎಂದು ತಾಳೆ ನೋಡುವ ಕೆಲಸ ಅಲ್ಲಿಂದ ಶುರುವಾಯಿತು.

ಎರಡನೆಯದು ಪಿಎಸಿಎಲ್ ಕಂಪೆನಿಯದು. ಕೃಷಿ ಭೂಮಿ ಕೊಡುತ್ತೇವೆಂದು ಹೇಳಿ ದೇಶದಾದ್ಯಂತ ಹಳ್ಳಿಗಳಲ್ಲಿ ಏಜೆಂಟರ ಮೂಲಕ ಹಣ ಎತ್ತಿದ ಕಂಪೆನಿ ಇದು. ಸಂಗ್ರಹವಾದ ಮೊತ್ತ 49,100 ಕೋಟಿ ರೂಪಾಯಿ ಎಂದು 2014ರಲ್ಲಿ ಸೆಬಿ ಹೇಳಿತು. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಸಮಿತಿ ರಚನೆಯಾಯಿತು. ಜಮೀನು ಮಾರಿ ಹಣ ಹಿಂದಿರುಗಿಸುವುದು ಅದರ ಕೆಲಸ. ಮೊದಲು 2,500 ರೂಪಾಯಿವರೆಗಿನ ಸಣ್ಣ ಮೊತ್ತಗಳಿಗೆ, ಬಳಿಕ ಹಂತ ಹಂತವಾಗಿ ಹೆಚ್ಚಿನ ಮೊತ್ತಗಳಿಗೆ ಹಣ ಕೊಡಲಾಯಿತು. ಇದಕ್ಕೆ ಪ್ರಮಾಣಪತ್ರದ ವಿವರ ಸರಿಯಿರಬೇಕಿತ್ತು. ಕಾಗದವನ್ನು ಏಜೆಂಟನ ಕೈಯಲ್ಲೇ ಬಿಟ್ಟವರಿಗೆ ಏನು ಗತಿ ಎಂದು ಬೇರೆ ಹೇಳಬೇಕಿಲ್ಲ.

ಕಾನೂನು ಏನು ಹೇಳುತ್ತದೆ?

ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆಯಿದೆ. ಠೇವಣಿ ಹಿಂದಿರುಗಿಸದ ಸಂಸ್ಥೆಯ ಆಸ್ತಿಯನ್ನು ಮಾತ್ರವಲ್ಲದೆ ಅದನ್ನು ನಡೆಸಿದವರ ಆಸ್ತಿಯನ್ನೂ ಇದರಡಿ ಜಪ್ತಿ ಮಾಡಬಹುದು. ವಿಶೇಷ ನ್ಯಾಯಾಲಯದ ಆದೇಶದಂತೆ ಅದನ್ನು ಮಾರಿ ಹಣ ಹಂಚಲಾಗುತ್ತದೆ. 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಯೂ ಬಂದಿತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 107ನೆಯ ಕಲಮು ಗಮನಿಸತಕ್ಕದ್ದು. ಅಪರಾಧದಿಂದ ಗಳಿಸಿದ ಆಸ್ತಿಯ ಜಪ್ತಿಗೆ ತನಿಖಾಧಿಕಾರಿಯು ಎಸ್‌ಪಿ ಅಥವಾ ಕಮಿಷನರ್ ಅವರ ಒಪ್ಪಿಗೆ ಪಡೆದು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆಸ್ತಿ ಹೊಂದಿದವನಿಗೆ 14 ದಿನಗಳಲ್ಲಿ ಕಾರಣ ಹೇಳುವಂತೆ ನೋಟಿಸು ಹೋಗುತ್ತದೆ. ಅದು ಅಪರಾಧದ ಗಳಿಕೆಯೆಂದು ಕಂಡುಬಂದರೆ ಜಿಲ್ಲಾಧಿಕಾರಿಗಳ ಮೂಲಕ, ನಷ್ಟ ಅನುಭವಿಸಿದವರಿಗೆ ಅವರವರ ಪಾಲಿನಂತೆ 60 ದಿನಗಳೊಳಗೆ ಹಂಚಲು ಅವಕಾಶವಿದೆ. ಇಂಥ ಅರ್ಜಿಯನ್ನು ಸರಿಯಾಗಿ ಸಿದ್ಧಪಡಿಸಲಿಕ್ಕೂ ತರಬೇತಿ ಪಡೆದ ಸಿಬ್ಬಂದಿ ಬೇಕು.

ಖಾತೆ ಬಾಡಿಗೆಗೆ ಕೊಡಬೇಡಿ

ನಮ್ಮ ಸದಸ್ಯರ ಮನೆಯ ಮಕ್ಕಳು ಅನೇಕರು ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುತ್ತಾರೆ. ಕೆಲಸ ಹುಡುಕುವ ಹುಡುಗರಿಗೆ "ನಿನ್ನ ಹೆಸರಿನಲ್ಲಿ ಒಂದು ಖಾತೆ ತೆರೆದು ಪಾಸ್ ಪುಸ್ತಕ, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇನೆ" ಎನ್ನುವವರು ಎಲ್ಲಿ ಬೇಕಾದರೂ ಸಿಗಬಹುದು. ಮೋಸದ ಹಣ ದಾಟುವುದು ಇಂಥ ಖಾತೆಗಳ ಮೂಲಕವೇ. ಜಾಡು ಹಿಡಿದು ಬರುವ ಪೊಲೀಸರು ಮೊದಲು ತಟ್ಟುವುದು ಖಾತೆದಾರನ ಮನೆಯ ಬಾಗಿಲನ್ನು. ಹಾಲಿನ ಬಟವಾಡೆ, ಸರ್ಕಾರದ ಪ್ರೋತ್ಸಾಹಧನ ಜಮೆಯಾಗುವ ಖಾತೆಯನ್ನೇ ಕೊಟ್ಟಿದ್ದರೆ, ತಡೆ ಬಿದ್ದ ದಿನದಿಂದ ಆ ಹಣವೂ ನಿಲ್ಲಬಹುದು. ಮನೆಯಲ್ಲಿ ಇದನ್ನು ಮಕ್ಕಳಿಗೆ ತಿಳಿಸಿ ಹೇಳಿರಿ.

ನಮ್ಮ ಸಂಘದಲ್ಲಿ

ಸಂಘದ ಲೆಕ್ಕವೂ ನಮ್ಮದೇ ಹಣ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರಲ್ಲಿ ಲೆಕ್ಕಪರಿಶೋಧನೆಗೆ 63ನೆಯ ಕಲಮು, ವಿಚಾರಣೆಗೆ 64ನೆಯ ಕಲಮು ಇವೆ. ಹಣ ದುರುಪಯೋಗವಾಗಿದ್ದರೆ ಹೊಣೆಗಾರರಿಂದ ವಸೂಲಿಗೆ 69ನೆಯ ಕಲಮಿದೆ. ಆದರೆ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪರಿಶೋಧನಾ ವರದಿ ಓದುವಾಗ ಎದ್ದು ಕೇಳುವ ಸದಸ್ಯರಿದ್ದರೆ ಆ ಹಂತ ಬರುವುದು ಕಡಿಮೆ.

ಸದಸ್ಯರು ನೆನಪಿಡಬೇಕಾದ ಅಂಶಗಳು

1. ಖಾತೆಯಿಂದ ಹಣ ಮೋಸದಿಂದ ಹೋದರೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ. ಮೊದಲ ಗಂಟೆ ಅತ್ಯಂತ ಮುಖ್ಯ. ನಾಳೆ ಮಗ ಬಂದ ಮೇಲೆ ನೋಡೋಣ ಎಂದು ಕಾಯಬೇಡಿ.

2. ಬ್ಯಾಂಕಿಗೂ ತಿಳಿಸಿ. ಹಣ ಹೋದ ಸಮಯ, ಮೊತ್ತ, ಬಂದ ಸಂದೇಶ, ಕರೆ ಮಾಡಿದ ಸಂಖ್ಯೆ ಇವನ್ನು ಬರೆದಿಟ್ಟುಕೊಳ್ಳಿ. ಫೋನಿನಿಂದ ಏನನ್ನೂ ಅಳಿಸಬೇಡಿ.

3. ಹತ್ತಿರದ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಪ್ರತಿ ಪಡೆಯಿರಿ. ಘಟನೆ ಬೇರೆ ಠಾಣೆಯ ವ್ಯಾಪ್ತಿಯದ್ದಾದರೂ ದೂರು ದಾಖಲಿಸಲು ಕಾನೂನಿನಲ್ಲಿ ಅವಕಾಶವಿದೆ.

4. 'ಡಿಜಿಟಲ್ ಅರೆಸ್ಟ್' ಎಂಬುದು ಯಾವ ಕಾನೂನಿನಲ್ಲಿಯೂ ಇಲ್ಲ. ವೀಡಿಯೋ ಕರೆಯಲ್ಲಿ ಹೆದರಿಸಿ ಹಣ ಕೇಳುವವನು ಪೊಲೀಸನಲ್ಲ.

5. ಠೇವಣಿ ಇಡುವ ಮೊದಲು ಆ ಸಂಸ್ಥೆಗೆ ಠೇವಣಿ ಪಡೆಯುವ ಅಧಿಕಾರವಿದೆಯೇ ಎಂದು ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ನೋಡಿಸಿ. ರಸೀದಿ, ಪ್ರಮಾಣಪತ್ರಗಳ ಮೂಲ ಪ್ರತಿ ನಿಮ್ಮ ಮನೆಯಲ್ಲೇ ಇರಲಿ.

6. ಹೋದ ಹಣ ತೆಗೆಸಿಕೊಡುತ್ತೇನೆಂದು ಶುಲ್ಕ ಕೇಳಿಕೊಂಡು ಬರುವವರನ್ನು ನಂಬಬೇಡಿ. ಒಮ್ಮೆ ಮೋಸಹೋದವರನ್ನೇ ಎರಡನೆಯ ಸಲ ಹುಡುಕಿಕೊಂಡು ಬರುವವರಿದ್ದಾರೆ.

ದನಕ್ಕೆ ಜ್ವರ ಬಂದ ದಿನವೇ ವೈದ್ಯರಿಗೆ ಹೇಳಿಕಳುಹಿಸುವ ಅಭ್ಯಾಸ ನಮ್ಮ ಸದಸ್ಯರಲ್ಲಿ ಈಗ ಚೆನ್ನಾಗಿ ಬೆಳೆದಿದೆ. ಹಣದ ವಿಷಯದಲ್ಲಿ ಮಾತ್ರ ನಾಚಿಕೆಯಿಂದ ಮುಚ್ಚಿಡುವವರು ಇನ್ನೂ ಇದ್ದಾರೆ. ಮೋಸ ಮಾಡಿದವನಿಗೆ ಇಲ್ಲದ ನಾಚಿಕೆ ಮೋಸಹೋದವರಿಗೆ ಬೇಡ. ಈ ಪುಟವನ್ನು ಸಂಘದ ಸೂಚನಾ ಫಲಕದಲ್ಲಿ ಅಂಟಿಸಿ, ಓದು ಬಾರದವರಿಗೆ ಹಾಲು ಅಳೆಯುವ ಹೊತ್ತಿನಲ್ಲಿ ಓದಿ ಹೇಳುವಂತೆ ಕಾರ್ಯದರ್ಶಿಗಳಲ್ಲಿ ವಿನಂತಿ.