ಅಷ್ಟು ಹತ್ತಿರದಿಂದಲೂ ಬುಟ್ಟಿಗೆ ಬೀಳದ ಚೆಂಡು

ಸಂಜೆ ಐದರ ಹೊತ್ತಿಗೆ ಬಿಡದಿ ಕೈಗಾರಿಕಾ ಪ್ರದೇಶದ ರಸ್ತೆಗಳ ತುಂಬ ಶಿಫ್ಟ್ ಬಸ್ಸುಗಳು. ಆ ಗದ್ದಲದಿಂದ ತುಸು ಒಳಗಿರುವ ಕಾಲೇಜೊಂದರ ಅಂಕಣದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆದಿತ್ತು. ಕೊನೆಯ ನಿಮಿಷ, ಒಂದು ಅಂಕದ ಹಿನ್ನಡೆ. ಆತಿಥೇಯ ತಂಡದ ಹುಡುಗಿಯೊಬ್ಬಳು ಎದುರಾಳಿಯ ಕೈಯಿಂದ ಚೆಂಡು ಕಸಿದು ಅರ್ಧ ಅಂಕಣವನ್ನು ಒಬ್ಬಳೇ ಓಡಿದಳು. ಅಡ್ಡಗಟ್ಟಲು ಯಾರೂ ಇಲ್ಲ. ನೋಡುತ್ತಿದ್ದವರು ಆಗಲೇ ಚಪ್ಪಾಳೆ ಶುರುಮಾಡಿದ್ದರು. ಚೆಂಡು ಬೋರ್ಡಿಗೆ ಫಟ್ಟೆಂದು ಬಡಿದು, ರಿಂಗಿನ ಮೇಲಿಂದ ಹಾರಿ, ಅವಳ ಬೆನ್ನ ಹಿಂದೆ ಬಂದು ಬಿತ್ತು. ಪಂದ್ಯ ಹೋಯಿತು.

ಅವಳು ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ತಂದೆ ಇಲ್ಲಿಯೇ ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ವಿಭಾಗದವರು. ಗೇಟಿನ ಬಳಿ ಮಗಳಿಗೆ ಅವರು ಹೇಳಿದ್ದು ನನ್ನ ಕಿವಿಗೂ ಬಿತ್ತು: "ಅಷ್ಟ್ ಹತ್ರದಿಂದ್ಲೂ ಹಾಕಕ್ಕಾಗ್ಲಿಲ್ವೇನವ್ವಾ? ಗಮನ ಎಲ್ಲಿತ್ತು?" ಹುಡುಗಿ ತಲೆ ತಗ್ಗಿಸಿ ಸ್ಕೂಟರಿನ ಹಿಂದೆ ಕುಳಿತಳು. ನಾಲ್ಕು ದಿನ ಕಳೆದು ತಂದೆ ಮನೆಗೆ ಬಂದರು. "ಮೇಷ್ಟ್ರೇ, ಆಟ ಬಿಡ್ತೀನಿ ಅಂತಾಳೆ. ಓದಾದ್ರೂ ಮುಂದೆ ಹೋಗ್ತದೆ ಅಂದ್ಕೊಂಡೆ. ಆದ್ರೆ ಪುಸ್ತಕಾನೂ ಮುಟ್ತಿಲ್ಲ, ಮಾತೂ ಆಡ್ತಿಲ್ಲ."

ತಪ್ಪಿದವಳು ಅವಳೊಬ್ಬಳೇ ಅಲ್ಲ. ಆ ತಂಡದ ಆಟವನ್ನು ಕೆಲವು ಸಂಜೆ ನೋಡಿದ್ದೇನೆ. ದೂರದಿಂದ ನಿಂತು ಎಸೆದ ಚೆಂಡುಗಳು ಸಾಕಷ್ಟು ಬುಟ್ಟಿ ಸೇರುತ್ತವೆ. ಓಡಿಬಂದು ರಿಂಗಿನ ಬುಡದಲ್ಲಿ ಹಾಕುವ, ಆಟಗಾರರು 'ಲೇ-ಅಪ್' ಎನ್ನುವ ಹೊಡೆತಗಳೇ ಕೈಕೊಡುತ್ತವೆ. ಇದು ಗಮನದ ದೋಷವೆಂದರೆ ದೂರದ ಹೊಡೆತಕ್ಕೆ ಬರುವ ಗಮನ ಹತ್ತಿರದ್ದಕ್ಕೆ ಏಕೆ ಬರುವುದಿಲ್ಲ?

ಆ ತಂದೆಗೆ ನಾನು ಅವರ ಕಾರ್ಖಾನೆಯ ಮಾತನ್ನೇ ನೆನಪಿಸಿದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ವಾಹನ ತಯಾರಿಕೆ ಆರಂಭಿಸಿತು. ಟೊಯೊಟಾ ಪದ್ಧತಿಯ 'ಐದು ಸಲ ಏಕೆ' ಎಂಬ ಮಾತು ಇಲ್ಲಿ ಕೆಲಸ ಮಾಡುವ ಬಹಳ ಜನರಿಗೆ ಪರಿಚಿತ. ಆ ಪದ್ಧತಿಯನ್ನು ರೂಪಿಸಿದ ತೈಇಚಿ ಓನೊ 1978ರ ತಮ್ಮ ಪುಸ್ತಕದಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ಯಂತ್ರ ನಿಂತಿತು, ಏಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಏಕೆ ಹೆಚ್ಚಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಏಕೆ? ಪಂಪು ಎಣ್ಣೆ ಎತ್ತಲಿಲ್ಲ. ಅದೇಕೆ? ಪಂಪಿನ ದಂಡ ಸವೆದಿತ್ತು. ಸವೆದದ್ದೇಕೆ? ಸೋಸುವ ಜರಡಿಯಿಲ್ಲದೆ ಲೋಹದ ಪುಡಿ ಒಳಹೊಕ್ಕಿತ್ತು. ಮೊದಲ ಉತ್ತರಕ್ಕೇ ನಿಂತಿದ್ದರೆ ಫ್ಯೂಸ್ ಬದಲಿಸಿ ಸುಮ್ಮನಾಗುತ್ತಿದ್ದರು, ಅದು ಮತ್ತೆ ಮತ್ತೆ ಹೋಗುತ್ತಿತ್ತು. "ವೆಲ್ಡಿಂಗ್ ಸೊಟ್ಟಗಾದರೆ ಕೆಲಸಗಾರನನ್ನು ಬಯ್ಯುವ ಮೊದಲು ನೀವು ಇಷ್ಟೆಲ್ಲ ಕೇಳುತ್ತೀರಿ. ಮಗಳ ವಿಷಯಕ್ಕೆ ಫ್ಯೂಸಿನಲ್ಲೇ ನಿಂತುಬಿಟ್ಟಿರಲ್ಲ?" ಎಂದೆ. ಅವರು ನಕ್ಕರು. ಸ್ವಲ್ಪ ಪೆಚ್ಚು ನಗೆ.

ಹಾಗಾದರೆ ಚೆಂಡು ಏಕೆ ಹಾರಿತು? ಬೋರ್ಡಿಗೆ ಬಡಿದಾಗ ಅದರ ವೇಗ ಜಾಸ್ತಿಯಿತ್ತು. ಅವಳು ಜೋರಾಗಿ ಎಸೆದಳೇ? ಇಲ್ಲ, ಮೆಲ್ಲಗೆ ಮೇಲಕ್ಕೆತ್ತಿದಳು, ಅಷ್ಟೆ. ಹಾಗಿದ್ದರೂ ಆ ವೇಗ ಎಲ್ಲಿಂದ ಬಂತು?

ಈ ಪತ್ರಿಕೆಯನ್ನು ಬೆಳಗ್ಗೆ ನಿಮ್ಮ ಮನೆಗೆ ಹಾಕುವ ಹುಡುಗನನ್ನು ಗಮನಿಸಿ. ಸೈಕಲ್ ನಿಲ್ಲಿಸದೆಯೇ ಸುರುಳಿ ಸುತ್ತಿದ ಪತ್ರಿಕೆಯನ್ನು ಜಗಲಿಗೆ ಎಸೆಯುತ್ತಾನೆ. ಗೇಟಿನ ನೇರಕ್ಕೆ ಬಂದಮೇಲೆ ಎಸೆದರೆ ಅದು ಪಕ್ಕದ ಮನೆಯ ಹೂವಿನ ಕುಂಡದಲ್ಲಿರುತ್ತದೆ. ಅದಕ್ಕೇ ಗೇಟಿಗಿಂತ ಒಂದೆರಡು ಮಾರು ಮೊದಲೇ ಕೈಬಿಡುತ್ತಾನೆ. ಕೈಬಿಟ್ಟ ಪತ್ರಿಕೆಗೆ ಸೈಕಲ್ಲಿನ ವೇಗ ಹಾಗೆಯೇ ಉಳಿದಿರುತ್ತದೆ. ಇದೇ ಜಡತ್ವ. ಎಂಟನೇ, ಒಂಬತ್ತನೇ ತರಗತಿಯಲ್ಲಿ ಬಸ್ಸಿನ ಉದಾಹರಣೆ ಕೊಟ್ಟು ನಾವು ಕಲಿಸಿ, ನೀವು ಬರೆದು, ಎರಡು ಅಂಕ ಪಡೆದು ಮರೆತದ್ದು.

ಓಡುವ ಆಟಗಾರ್ತಿಯ ಕೈಯಲ್ಲಿರುವ ಚೆಂಡೂ ಹಾಗೆಯೇ. ಅವಳು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬರುತ್ತಿದ್ದರೆ, ಅಂದರೆ ಗಂಟೆಗೆ 14 ಕಿಲೋಮೀಟರಿನ ಸಾಧಾರಣ ಓಟ, ನೇರ ಮೇಲಕ್ಕೆ ಎತ್ತಿಬಿಟ್ಟ ಚೆಂಡಿಗೂ ಮುಂದಕ್ಕೆ ಅದೇ 4 ಮೀಟರ್ ವೇಗ ಇದ್ದೇ ಇರುತ್ತದೆ. ಅವಳು ಮುಂದಕ್ಕೆ ತಳ್ಳಬೇಕಾಗಿಯೇ ಇಲ್ಲ.

ಈಗ ಲೆಕ್ಕ ಮಾಡೋಣ. ಪೆನ್ಸಿಲ್ ಇದ್ದರೆ ಹತ್ತಿರ ಇಟ್ಟುಕೊಳ್ಳಿ. ರಿಂಗು ನೆಲದಿಂದ 3.05 ಮೀಟರ್ ಎತ್ತರದಲ್ಲಿದೆ. ಅದರ ಒಳವ್ಯಾಸ 45 ಸೆಂಟಿಮೀಟರ್. ರಿಂಗಿನ ಒಳ ಅಂಚು ಬೋರ್ಡಿನಿಂದ 15 ಸೆಂಟಿಮೀಟರ್ ದೂರ. ಹಾಗಾಗಿ ರಿಂಗಿನ ನಟ್ಟನಡು ಬೋರ್ಡಿನಿಂದ ಸುಮಾರು 38 ಸೆಂಟಿಮೀಟರ್. ಮಹಿಳೆಯರ ಚೆಂಡಿನ ವ್ಯಾಸ ಸುಮಾರು 23 ಸೆಂಟಿಮೀಟರ್. ಅದು ಬೋರ್ಡಿಗೆ ತಾಗಿದಾಗ ಅದರ ಕೇಂದ್ರ ಬೋರ್ಡಿನಿಂದ ಹನ್ನೊಂದೂವರೆ ಸೆಂಟಿಮೀಟರ್ ಈಚೆಗೇ ಇರುತ್ತದೆ. ಅಲ್ಲಿಗೆ ಬೋರ್ಡು ಮುಟ್ಟಿದ ಚೆಂಡು ರಿಂಗಿನ ನಡುವಿಗೆ ಬರಲು ಸರಿಯಬೇಕಾದದ್ದು ಬರೀ 26 ಸೆಂಟಿಮೀಟರ್. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು!

ಚೆಂಡು ರಿಂಗಿಗಿಂತ 35 ಸೆಂಟಿಮೀಟರ್ ಮೇಲೆ ಬೋರ್ಡಿಗೆ ತಾಗಿತು ಎನ್ನಿ. ಅಲ್ಲಿಂದ ರಿಂಗಿನ ಮಟ್ಟಕ್ಕೆ ಬೀಳಲು ಗುರುತ್ವ ತೆಗೆದುಕೊಳ್ಳುವ ಸಮಯ ಸೆಕೆಂಡಿನ ಕಾಲು ಭಾಗಕ್ಕಿಂತ ತುಸು ಜಾಸ್ತಿ, 0.27 ಸೆಕೆಂಡು. ಆ ಅವಧಿಯಲ್ಲಿ 26 ಸೆಂಟಿಮೀಟರ್ ಸರಿಯಬೇಕಾದರೆ ಬೋರ್ಡಿನಿಂದ ಹೊರಡುವ ವೇಗ ಸೆಕೆಂಡಿಗೆ 1 ಮೀಟರ್ ಇರಬೇಕು.

ಬಡಿದಾಗ ಚೆಂಡು ಎಷ್ಟು ವೇಗ ಕಳೆದುಕೊಳ್ಳುತ್ತದೆ? ಇದನ್ನು ಮನೆಯಲ್ಲೇ ನೋಡಬಹುದು. ಸರಿಯಾಗಿ ಗಾಳಿ ತುಂಬಿದ ಚೆಂಡನ್ನು ಗಟ್ಟಿ ನೆಲದ ಮೇಲೆ 180 ಸೆಂಟಿಮೀಟರ್ ಎತ್ತರದಿಂದ ಬಿಡಿ. ಅದರ ಕೆಳತುದಿ ಒಂದು ಮೀಟರಿಗಿಂತ ಸ್ವಲ್ಪ ಮೇಲಕ್ಕೆ ಪುಟಿಯುತ್ತದೆ. ವೇಗ ಎತ್ತರದ ವರ್ಗಮೂಲವನ್ನು ಅನುಸರಿಸುವುದರಿಂದ, ಪುಟಿದ ವೇಗ ಬಡಿದ ವೇಗದ ಸುಮಾರು ಮುಕ್ಕಾಲು ಎಂದಾಯಿತು. ಹಾಗಾದರೆ 1 ಮೀಟರ್ ವೇಗದಲ್ಲಿ ಹೊರಡಬೇಕಾದ ಚೆಂಡು 1.3 ಮೀಟರ್ ವೇಗದಲ್ಲಿ ಬಂದು ತಾಗಿರಬೇಕು. ನಮ್ಮ ಹುಡುಗಿಯ ಚೆಂಡು ಬಂದದ್ದು 4 ಮೀಟರ್ ವೇಗದಲ್ಲಿ, ಬೇಕಾದದ್ದಕ್ಕಿಂತ ಮೂರು ಪಟ್ಟು. ಅದು 3 ಮೀಟರ್ ವೇಗದಲ್ಲಿ ಹಿಂದಿರುಗಿ, ರಿಂಗಿನ ಮಟ್ಟಕ್ಕೆ ಇಳಿಯುವಷ್ಟರಲ್ಲಿ 80 ಸೆಂಟಿಮೀಟರ್ ದಾಟಿರುತ್ತದೆ. ಚೆಂಡಿನ ಕೇಂದ್ರ ತಾಗಿದ ಜಾಗದಿಂದ ಅಳೆದರೆ ರಿಂಗಿನ ಮುಂದಿನ ಅಂಚು ಇರುವುದೇ 49 ಸೆಂಟಿಮೀಟರಿನಲ್ಲಿ. ರಿಂಗನ್ನು ಸವರದೆಯೂ ಹಾರಿಹೋದದ್ದು ಇದಕ್ಕೇ.

ಕಾಗದದ ಮೇಲಿನ ಈ ಲೆಕ್ಕದಲ್ಲಿ ಗಾಳಿ, ತಿರುಗುವಿಕೆ ಎಲ್ಲ ಬಿಟ್ಟಿದ್ದೇನೆ. ನಿಜವಾದ ಅಂಕಣದಲ್ಲಿ ಇನ್ನಷ್ಟು ತೊಡಕುಗಳಿವೆ. ಬಯಲಿನ ಬೋರ್ಡಿನ ಮೇಲೆ ರಸ್ತೆಯ ಧೂಳು ಕೂತರೆ ಚೆಂಡು ಹಿಡಿತ ಸಿಗದೆ ಜಾರುತ್ತದೆ. ಬೋರ್ಡಿನ ಕಂಬ ಅಲುಗಾಡಿದರೆ ಅದು ಇನ್ನಷ್ಟು ವೇಗ ನುಂಗುತ್ತದೆ. ಇಂಥ ಬೋರ್ಡಿಗೆ ಪಳಗಿದ ಕೈ ಬೆಂಗಳೂರಿನ ಒಳಾಂಗಣದ ಗಾಜಿನ ಬೋರ್ಡಿನ ಮುಂದೆ ಲೆಕ್ಕ ತಪ್ಪುವುದು ಸಹಜ. ಅಂದಹಾಗೆ, ಬೋರ್ಡು ಹುಟ್ಟಿದ್ದು ಆಟಗಾರರ ಅನುಕೂಲಕ್ಕಲ್ಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಪೀಚ್ ಹಣ್ಣಿನ ಬುಟ್ಟಿಗಳನ್ನು ಮಹಡಿಯ ಕಟಕಟೆಗೆ ಕಟ್ಟಿಸಿ ಈ ಆಟ ಆಡಿಸಿದರು. ಮೇಲೆ ಕುಳಿತ ಪ್ರೇಕ್ಷಕರು ಕೈಚಾಚಿ ಚೆಂಡಿಗೆ ಅಡ್ಡ ಬರುತ್ತಿದ್ದರಿಂದ ಮುಂದೆ ಬುಟ್ಟಿಯ ಹಿಂದೆ ಹಲಗೆ ಬಂತು.

ಬಲ್ಲ ಆಟಗಾರರು ಆ ಹೆಚ್ಚುವರಿ ವೇಗವನ್ನು ಎಲ್ಲಿ ಕಳೆಯುತ್ತಾರೆ? ಒಂದು ಪಾಲು ಕಾಲಿನಲ್ಲಿ. ಕೊನೆಯ ಹೆಜ್ಜೆಯನ್ನು ಬಲವಾಗಿ ಊರಿ, ಮುಂದಕ್ಕಲ್ಲ, ಮೇಲಕ್ಕೆ ನೆಗೆಯುತ್ತಾರೆ. ಬಲಗೈಯಲ್ಲಿ ಹಾಕುವವರು ಎಡಗಾಲೂರಿ ಬಲ ಮಂಡಿ ಎತ್ತುವುದು ಇದಕ್ಕೇ. ಇನ್ನೊಂದು ಪಾಲು ದಾರಿಯಲ್ಲಿ. ಬೋರ್ಡಿಗೆ ನೇರ ಎದುರಿನಿಂದ ಬರದೆ ಪಕ್ಕದಿಂದ, 45 ಡಿಗ್ರಿ ಓರೆಯಾಗಿ ಬಂದರೆ ಬೋರ್ಡಿಗೆ ನೇರವಾಗಿ ಬಡಿಯುವ ವೇಗ 4ರ ಬದಲು 2.8 ಮೀಟರಿಗೆ ಇಳಿಯುತ್ತದೆ. ಸದಿಶಗಳನ್ನು ವಿಭಜಿಸುವ ಪಾಠ ಏಕೆ ಬೇಕು ಎಂದು ಪಿಯುಸಿ ಮಕ್ಕಳು ಕೇಳುತ್ತಿರುತ್ತಾರೆ. ಉಳಿದದ್ದು ಕೈಯಲ್ಲಿ. ಚೆಂಡನ್ನು ಎಸೆಯದೆ, ಅಟ್ಟದ ಮೇಲೆ ಡಬ್ಬ ಇಡುವಂತೆ ಮೇಲಕ್ಕೊಯ್ದು ಬಿಡುತ್ತಾರೆ. ಬಿಡುವಾಗ ಬೆರಳ ತುದಿಯಿಂದ ಹಿಂದಕ್ಕೆ ತಿರುಗುವಂತೆ ಮಾಡಿದರೆ ಚೆಂಡು ಬೋರ್ಡಿಗೆ ಉಜ್ಜಿ ಕೆಳಮುಖವಾಗುತ್ತದೆ. ಇದಿಷ್ಟೂ ನಡೆಯುವುದು ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತಿನಲ್ಲಿ.

ಕಣ್ಣಿನದೂ ಒಂದು ಮಾತಿದೆ. ಕೆನಡಾದ ವಿಜ್ಞಾನಿ ಜೋನ್ ವಿಕರ್ಸ್ 1996ರಲ್ಲಿ ಫ್ರೀ ಥ್ರೋ ಹಾಕುವ ಆಟಗಾರ್ತಿಯರ ಕಣ್ಣಿನ ಚಲನೆ ದಾಖಲಿಸಿದ ಅಧ್ಯಯನ ಪ್ರಕಟಿಸಿದರು. ನುರಿತವರ ನೋಟ ಎಸೆಯುವ ಮೊದಲು ಗುರಿಯ ಮೇಲೆ ಹೆಚ್ಚು ಹೊತ್ತು ನೆಟ್ಟಿರುತ್ತದೆ ಎಂದು ಅವರು ಕಂಡರು. ನಿಂತು ಎಸೆಯುವವರಿಗೆ ಆ ಪುರುಸೊತ್ತಿದೆ. ಓಡಿಬರುವವಳು ಚೆಂಡು, ಹೆಜ್ಜೆ, ಬೆನ್ನಟ್ಟುವ ಎದುರಾಳಿ ಎಲ್ಲವನ್ನೂ ನೋಡಿಕೊಂಡು ಕೊನೆಗೆ ಬೋರ್ಡನ್ನು ನೋಡಬೇಕು. ಒಟ್ಟಿನಲ್ಲಿ 'ಸುಲಭದ' ಹೊಡೆತದಲ್ಲಿ ದೂರ ಒಂದು ಮಾತ್ರ ಕಡಿಮೆ, ಮಿಕ್ಕದ್ದೆಲ್ಲ ಜಾಸ್ತಿ.

ಸರಿ, ಇದನ್ನು ಕಲಿಸಿಲ್ಲವೇ? ಮುಂದಿನ 'ಏಕೆ' ಇಲ್ಲಿದೆ. ತಂಡದ ಅಭ್ಯಾಸ ನೋಡಲು ಹೋದೆ. ತರಗತಿ ಮುಗಿದು ಕತ್ತಲಾಗುವ ಮುಂಚೆ ಸಿಗುವುದು ಒಂದು ಗಂಟೆ, ಅದರಲ್ಲೂ ಅಂಕಣದ ಅರ್ಧ ವಾಲಿಬಾಲಿನವರಿಗೆ. ಹುಡುಗಿಯರು ಸಾಲಾಗಿ ರಿಂಗಿನ ಬುಡಕ್ಕೆ ಬಂದು, ನಿಂತು, ಹಾಕಿ ಹೋಗುತ್ತಿದ್ದರು. ಬಹುಪಾಲು ಬೀಳುತ್ತಿತ್ತು. ಬಿದ್ದಿತು ಎಂದು ಎಲ್ಲರಿಗೂ ಸಮಾಧಾನ. ಉಳಿದ ಸಮಯವೆಲ್ಲ ದೂರದ ಹೊಡೆತಕ್ಕೆ, ಏಕೆಂದರೆ ಅದು ಕಷ್ಟ ಎಂದು ಎಲ್ಲರೂ ಒಪ್ಪಿದ್ದಾರೆ. ನಿಂತು ಕಲಿತ ಕೈಗೆ ಓಡುವ ದೇಹದ ವೇಗ ಗೊತ್ತಿಲ್ಲ. ಪಂದ್ಯದಲ್ಲಿ ಅದು ನಿಂತಾಗಿನಷ್ಟೇ ತಳ್ಳುತ್ತದೆ, ಆ ತಳ್ಳಿದ್ದು ಓಟಕ್ಕೆ ಸೇರುತ್ತದೆ.

ಆ ಬಡಪಾಯಿ ಎರಡು ಅಂಕದ ಬೆಲೆ ಏನೆಂದು ಕೇಳುವವರಿಗೆ 2017ರ ಜುಲೈ ನೆನಪಿಸಬೇಕು. ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ 'ಬಿ' ವಿಭಾಗದ ಫೈನಲ್. ಭಾರತ ಕಜಕಸ್ತಾನವನ್ನು 75-73ರಿಂದ ಗೆದ್ದಿತು. ಒಂದೇ ಒಂದು ಲೇ-ಅಪ್‌ನಷ್ಟು ಅಂತರ!

ಹತ್ತಿರದ ಹೊಡೆತಕ್ಕೆ ಬೆವರು ಸುರಿಸಿ ಹೆಸರಾದವರಿದ್ದಾರೆ. 1940ರ ದಶಕದಲ್ಲಿ ಅಮೆರಿಕದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಜಾರ್ಜ್ ಮೈಕನ್ ಎಂಬ ಹುಡುಗ ಬಂದ. 6 ಅಡಿ 10 ಅಂಗುಲದ ಆಳು, ದಪ್ಪ ಕನ್ನಡಕ, ನಡಿಗೆಯೂ ಒಡ್ಡೊಡ್ಡು. ತರಬೇತುದಾರ ರೇ ಮೇಯರ್ ಅವನನ್ನು ರಿಂಗಿನ ಕೆಳಗೇ ಬಿಟ್ಟು ಬಲಗಡೆಯಿಂದ ಬಲಗೈಯಲ್ಲಿ, ಎಡಗಡೆಯಿಂದ ಎಡಗೈಯಲ್ಲಿ ಸಾಲುಸಾಲಾಗಿ ಹಾಕಿಸಿದರು. ಆ ಕಾಲದ ಅತಿ ದೊಡ್ಡ ಆಟಗಾರನಾಗಿ ಬೆಳೆದ ಅವನ ಹೆಸರಿನಲ್ಲೇ ಆ ಅಭ್ಯಾಸ ಇಂದಿಗೂ ನಡೆಯುತ್ತಿದೆ.

ಎಡಗೈ ಎಂದೊಡನೆ ನಮ್ಮ ಮನೆಗಳ ಮಾತು ಬರುತ್ತದೆ. 'ಎಡಗೈಲಿ ಕೊಡಬೇಡ' ಎಂದು ಬೆಳೆಸಿದ್ದೇವೆ. ನಾನೂ ಹೇಳಿದವನೇ. ಎಡಗಡೆಯಿಂದ ಓಡಿಬಂದ ಹುಡುಗಿ ಚೆಂಡನ್ನು ಬಲಗೈಗೆ ತರಲು ಮೈಯನ್ನೇ ತಿರುಚುತ್ತಾಳೆ, ನೆಗೆತ ಕೆಡುತ್ತದೆ, ಬೆನ್ನಟ್ಟಿದವರಿಗೆ ಚೆಂಡು ಎದುರಿಗೇ ಸಿಗುತ್ತದೆ. ದೇವರ ಮುಂದೆ ಬಲಗೈ ಇರಲಿ, ಬೋರ್ಡಿನ ಮುಂದೆ ಎಡಗೈಗೂ ಅಪ್ಪಣೆ ಕೊಡೋಣ.

ಈಗ ಆ ತಂಡ ದಿನಕ್ಕೆ ಹದಿನೈದು ನಿಮಿಷ ಅರ್ಧ ಅಂಕಣದಿಂದ ಓಡಿಬಂದೇ ಹಾಕುತ್ತದೆ, ಎರಡೂ ಕಡೆಯಿಂದ, ಎರಡೂ ಕೈಯಿಂದ. ಹೆಜ್ಜೆ ಎಲ್ಲಿ ಊರಬೇಕೆಂದು ಸೀಮೆಸುಣ್ಣದ ಗೆರೆ ಹಾಕಿಕೊಟ್ಟಿದ್ದೇನೆ. ಮಳೆ ಬಂದರೆ ಅಳಿಸುತ್ತದೆ, ಮತ್ತೆ ಹಾಕುತ್ತಾರೆ. ಹೋದ ವಾರ ನಮ್ಮ ಹುಡುಗಿಯ ತಂದೆ ಶಿಫ್ಟ್ ಮುಗಿಸಿ ಬಂದು ಗೆರೆಗಳನ್ನೇ ನೋಡುತ್ತ ನಿಂತಿದ್ದರು. "ಬಾ ಅಪ್ಪಾ, ನೀನೂ ಒಂದ್ಸಲ ಹಾಕು" ಎಂದು ಮಗಳು ಚೆಂಡು ಕೊಟ್ಟಳು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸಿ ಓಡಿಬಂದರು. ಚೆಂಡು ಬೋರ್ಡಿನ ಮೇಲಿಂದಲೇ ಹಾರಿ ಬೇಲಿಯಾಚೆ ಬಿತ್ತು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಅವರೇ ಹೋಗಿ ಚೆಂಡು ತಂದರು, ಗೆರೆಯ ಹಿಂದೆ ನಿಂತು ನನ್ನ ಕಡೆ ತಿರುಗಿ ಕೇಳಿದರು: "ಯಾವ ಕಾಲು ಅಂದ್ರಿ ಮೇಷ್ಟ್ರೇ, ಎಡಗಾಲಾ?"