ಸಂಚಾರದ ಅಂಕಿ-ಅಂಶಗಳೂ ಸಾರಿಗೆಯ ನ್ಯಾಯವೂ

ಒಂದು ನಗರದ ಜನರು ಪ್ರತಿದಿನವೂ ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿನಲ್ಲಿ, ಯಾವ ವಾಹನದಲ್ಲಿ ಸಂಚರಿಸುತ್ತಾರೆಂಬುದನ್ನು ಅರಿಯದೆ ಆ ನಗರಕ್ಕೆ ತಕ್ಕ ಸಾರಿಗೆಯನ್ನು ಯೋಜಿಸುವುದು ಸಾಧ್ಯವಿಲ್ಲ. ಹಿಂದೆ ಈ ತಿಳಿವಳಿಕೆಯನ್ನು ಮುಖ್ಯವಾಗಿ ಎರಡು ಬಗೆಯಿಂದ ಪಡೆಯುತ್ತಿದ್ದರು. ರಸ್ತೆಯ ಬದಿಯಲ್ಲಿ ಎಣಿಕೆದಾರರನ್ನು ನಿಲ್ಲಿಸಿ ವಾಹನಗಳನ್ನು ಎಣಿಸುವುದು ಒಂದು; ಮನೆಮನೆಗೆ ಹೋಗಿ ಮನೆಯವರ ಪ್ರಯಾಣಗಳನ್ನು ಕೇಳಿ ಬರೆದುಕೊಳ್ಳುವುದು ಮತ್ತೊಂದು. ಅಮೆರಿಕದ ಡೆಟ್ರಾಯಿಟ್ ಮತ್ತು ಷಿಕಾಗೋ ನಗರಗಳಲ್ಲಿ ೧೯೫೦ರ ದಶಕದಲ್ಲಿ ನಡೆದ ಸಮೀಕ್ಷೆಗಳು ಈ ಎರಡನೆಯ ಕ್ರಮಕ್ಕೆ ಶಾಸ್ತ್ರೀಯವಾದ ರೂಪವನ್ನು ಕೊಟ್ಟವು. ಈಗ ಇವುಗಳ ಜೊತೆಗೆ ಮೂರನೆಯದೊಂದು ಮೂಲ ಸೇರಿದೆ. ಕೈಯಲ್ಲಿರುವ ಮೊಬೈಲು, ಬಸ್ಸಿನ ನಿರ್ವಾಹಕನ ಟಿಕೆಟ್ ಯಂತ್ರ, ಮೆಟ್ರೋ ನಿಲ್ದಾಣದ ಕಾರ್ಡು, ಬಾಡಿಗೆ ಕಾರಿನ ಜಿ.ಪಿ.ಎಸ್. ಉಪಕರಣ, ಇವೆಲ್ಲವೂ ಯಾರೂ ಬಂದು ಕೇಳದೆಯೇ, ಅನೇಕ ವೇಳೆ ಪ್ರಯಾಣಿಕನ ಅರಿವಿಗೇ ಬಾರದೆ, ಅವನ ಸಂಚಾರವನ್ನು ದಾಖಲೆ ಮಾಡುತ್ತಿರುತ್ತವೆ.

ಹೀಗೆ ದೊರೆಯುವ ಅಂಕಿ-ಅಂಶಗಳಿಂದ ಆಗಬಹುದಾದ ಪ್ರಯೋಜನ ಅಲ್ಪವಲ್ಲ. ಯಾವ ಮಾರ್ಗದಲ್ಲಿ ಬಸ್ಸು ತುಂಬಿ ತುಳುಕುತ್ತದೆ, ಯಾವ ಹೊತ್ತಿನಲ್ಲಿ ಬರಿದಾಗಿ ಓಡುತ್ತದೆ ಎಂಬುದು ತಿಳಿದರೆ ಇದ್ದ ಬಸ್ಸುಗಳಿಂದಲೇ ಹೆಚ್ಚು ಜನರಿಗೆ ಅನುಕೂಲ ಮಾಡಿಕೊಡಬಹುದು. ಇಂಧನವೂ ಉಳಿದೀತು, ಗಾಳಿಯೂ ಅಷ್ಟರಮಟ್ಟಿಗೆ ಶುದ್ಧವಾಗಿದ್ದೀತು. ಆದರೆ ಅಂಕಿಗಳು ವಿಪುಲವಾಗಿವೆ ಎಂದ ಮಾತ್ರಕ್ಕೆ ಅವು ಪೂರ್ಣವಾಗಿವೆಯೆಂದಾಗಲಿ, ನಿರಪಾಯವಾಗಿವೆಯೆಂದಾಗಲಿ ಭಾವಿಸಲಾಗದು. ಅವುಗಳ ವಿಷಯದಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಈ ಲೆಕ್ಕದಲ್ಲಿ ಸೇರದೆ ಹೋದವರು ಯಾರು? ಸೇರಿದವರಿಗೆ ಅದರಿಂದ ಕೇಡುಂಟೇ? ಮೊದಲನೆಯದು ನ್ಯಾಯದ ಪ್ರಶ್ನೆ; ಎರಡನೆಯದು ಖಾಸಗಿತನದ ಪ್ರಶ್ನೆ. ಒಂದನ್ನು ಸರಿಪಡಿಸಲು ಹೊರಟಾಗ ಇನ್ನೊಂದು ಕೆಡುವ ಸಂಭವವಿರುವುದರಿಂದ ಇವೆರಡನ್ನೂ ಒಟ್ಟಿಗೆ ವಿಚಾರ ಮಾಡುವುದು ಅವಶ್ಯಕ. ಪ್ರಕೃತ ಲೇಖನದಲ್ಲಿ ನಾವು ಆ ಪ್ರಯತ್ನವನ್ನು ಕೈಗೊಂಡಿದ್ದೇವೆ.

೧

ಮೊದಲು, ಲೆಕ್ಕಕ್ಕೆ ಸಿಗದವರನ್ನು ಕುರಿತು ನೋಡೋಣ. ಯಂತ್ರವು ತನ್ನ ಮುಂದೆ ನಡೆದುದನ್ನು ಮಾತ್ರ ದಾಖಲೆ ಮಾಡಬಲ್ಲುದು. ಟಿಕೆಟ್ ಯಂತ್ರಕ್ಕೆ ಟಿಕೆಟು ಕೊಂಡವನು ಗೊತ್ತು. ಬಸ್ಸಿಗಾಗಿ ಕಾದು ಬೇಸತ್ತು ಹಿಂದಿರುಗಿದವನು ಗೊತ್ತಿಲ್ಲ. ೨೦೧೧ರ ಜನಗಣತಿಯಲ್ಲಿ, ಕೃಷಿ ಮತ್ತು ಗೃಹಕೈಗಾರಿಕೆಗಳನ್ನು ಬಿಟ್ಟು ಇತರ ಉದ್ಯೋಗಗಳಲ್ಲಿರುವವರನ್ನು, ಕೆಲಸದ ಸ್ಥಳಕ್ಕೆ ಹೇಗೆ ಹೋಗುತ್ತೀರೆಂದು ಕೇಳಲಾಯಿತು. ಮನೆಯಿಂದ ಹೊರಟು ಕೆಲಸಕ್ಕೆ ಹೋಗುವವರಲ್ಲಿ ಬಸ್ಸು, ದ್ವಿಚಕ್ರ ವಾಹನ, ಕಾರು, ರೈಲು ಇವುಗಳಲ್ಲಿ ಯಾವೊಂದನ್ನು ಬಳಸುವವರಿಗಿಂತಲೂ ಕಾಲ್ನಡಿಗೆಯಲ್ಲಿ ಹೋಗುವವರೇ ಹೆಚ್ಚೆಂಬುದು ಆಗ ಕಂಡುಬಂದಿತು. ನಡೆದು ಹೋಗುವವನು ಟಿಕೆಟು ಕೊಳ್ಳುವುದಿಲ್ಲ, ಕಾರ್ಡು ತೋರಿಸುವುದಿಲ್ಲ, ಬಾಡಿಗೆ ಕಾರನ್ನು ಕರೆಯುವುದಿಲ್ಲ. ಟಿಕೆಟ್ಟಿನ ಮತ್ತು ಬಾಡಿಗೆ ಕಾರಿನ ದಾಖಲೆಗಳನ್ನಷ್ಟೇ ನೆಚ್ಚಿ ನಗರವನ್ನು ಯೋಜಿಸಿದರೆ ಸಂಚಾರಿಗಳಲ್ಲಿ ಅತಿ ದೊಡ್ಡ ವರ್ಗವೇ ಯೋಜನೆಯಿಂದ ಹೊರಗುಳಿಯುತ್ತದೆ. ರಸ್ತೆ ಅಗಲವಾಗುತ್ತದೆ, ಕಾಲುದಾರಿ ಕಿರಿದಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆಯೊಂದು ನಮ್ಮ ನಾಡಿನಲ್ಲಿಯೇ ಉಂಟು. ಕರ್ನಾಟಕ ಸರ್ಕಾರವು ೨೦೨೩ನೆಯ ಜೂನ್ ೧೧ರಂದು ಶಕ್ತಿ ಯೋಜನೆಯನ್ನು ಆರಂಭಿಸಿ, ರಾಜ್ಯದೊಳಗೆ ಓಡುವ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣವನ್ನು ಒದಗಿಸಿತು. ಒಡನೆಯೇ ಬಸ್ಸುಗಳಲ್ಲಿ ಮಹಿಳೆಯರ ಸಂಖ್ಯೆ ಬಹುವಾಗಿ ಏರಿತು. ಉಚಿತವಾದುದರಿಂದಲೇ ಹುಟ್ಟಿದ ಪ್ರಯಾಣಗಳು ಅದರಲ್ಲಿ ಕೆಲವು ಇರಬಹುದು. ಆದರೆ ತವರಿಗೆ, ಆಸ್ಪತ್ರೆಗೆ, ಸಂತೆಗೆ, ಕೂಲಿ ಹೆಚ್ಚು ದೊರೆಯುವ ದೂರದ ಕೆಲಸಕ್ಕೆ ಹೋಗಬೇಕೆಂಬ ಅಗತ್ಯವೆಲ್ಲ ಆ ದಿನವೇ ಹುಟ್ಟಿದುದೆಂದು ಹೇಳುವುದು ಹೇಗೆ? ಅದು ಮೊದಲಿನಿಂದಲೂ ಇದ್ದಿತು. ಕೈಯಲ್ಲಿ ಹಣವಿಲ್ಲದ ಕಾರಣ ಟಿಕೆಟ್ಟಿನ ರೂಪವನ್ನು ತಾಳಿರಲಿಲ್ಲ. ೨೦೨೩ಕ್ಕೆ ಹಿಂದಿನ ಟಿಕೆಟ್ಟುಗಳ ಲೆಕ್ಕವನ್ನು ಎಷ್ಟೇ ಎಚ್ಚರದಿಂದ ಪರಿಶೀಲಿಸಿದ್ದರೂ ಈ ಅಗತ್ಯವು ಅದರಲ್ಲಿ ಗೋಚರಿಸುತ್ತಿರಲಿಲ್ಲ. ಆ ಲೆಕ್ಕವು ನಡೆದ ಪ್ರಯಾಣವನ್ನು ತಿಳಿಸುತ್ತದೆಯೇ ಹೊರತು ಬೇಕಾಗಿದ್ದ ಪ್ರಯಾಣವನ್ನು ತಿಳಿಸುವುದಿಲ್ಲ.

ಯಾವ ಮಾನದಿಂದ ಎಣಿಸಬೇಕೆಂಬುದರಲ್ಲಿಯೂ ಅನ್ಯಾಯಕ್ಕೆ ಎಡೆಯುಂಟು. ರಸ್ತೆಯ ಎಂಜಿನಿಯರುಗಳು ಬಗೆಬಗೆಯ ವಾಹನಗಳನ್ನು ಕಾರಿನ ಮಾನಕ್ಕೆ ಇಳಿಸಿ ಲೆಕ್ಕ ಹಾಕುವುದುಂಟು. ಆ ಮಾನದಲ್ಲಿ ಒಂದು ಬಸ್ಸು ಸುಮಾರು ಮೂರು ಕಾರುಗಳಿಗೆ ಸಮ. ರಸ್ತೆಯಲ್ಲಿ ಹಿಡಿಯುವ ಸ್ಥಳವನ್ನು ಅಳೆಯಲು ಇದು ಸರಿಯಾದುದೇ. ಆದರೆ ಬಸ್ಸಿನಲ್ಲಿ ೪೫ ಮಂದಿಯೂ ಒಂದೊಂದು ಕಾರಿನಲ್ಲಿ ಇಬ್ಬಿಬ್ಬರೂ ಇದ್ದಾರೆಂದು ಇಟ್ಟುಕೊಂಡರೆ, ಅಷ್ಟೇ ಸ್ಥಳದಲ್ಲಿ ಒಂದು ಕಡೆ ೪೫ ಮಂದಿಯೂ ಇನ್ನೊಂದು ಕಡೆ ೬ ಮಂದಿಯೂ ಸಾಗುತ್ತಾರೆ. ವಾಹನಗಳ ವೇಗವನ್ನೇ ಗುರಿಯಾಗಿ ಇಟ್ಟುಕೊಂಡವನಿಗೆ ಬಸ್ಸು ದಾರಿಗೆ ಅಡ್ಡವಾಗಿ ಕಾಣುತ್ತದೆ. ಜನರ ಸಂಚಾರವನ್ನೂ ಗಾಳಿಯ ಶುದ್ಧಿಯನ್ನೂ ಗುರಿಯಾಗಿ ಇಟ್ಟುಕೊಂಡವನಿಗೆ ಅದೇ ಬಸ್ಸಿಗೆ ದಾರಿ ಬಿಡಿಸಬೇಕೆಂದು ತೋರುತ್ತದೆ. ಅಂಕಿಗಳು ಅವೇ, ನಿರ್ಣಯ ಬೇರೆ.

೨

ಇನ್ನು, ಲೆಕ್ಕದಲ್ಲಿ ಸೇರಿದವರ ವಿಷಯ. ನ್ಯೂಯಾರ್ಕ್ ನಗರದ ಟ್ಯಾಕ್ಸಿ ಆಡಳಿತವು ೨೦೧೪ರಲ್ಲಿ, ಮಾಹಿತಿಯ ಹಕ್ಕಿನ ಕಾನೂನಿನ ಮೇರೆಗೆ ಬಂದ ಕೋರಿಕೆಯೊಂದಕ್ಕೆ ಉತ್ತರವಾಗಿ, ಹಿಂದಿನ ವರ್ಷದ ಸುಮಾರು ೧೭ ಕೋಟಿ ೩೦ ಲಕ್ಷ ಪ್ರಯಾಣಗಳ ವಿವರವನ್ನು ಕೊಟ್ಟಿತು. ಹತ್ತಿದ ಸ್ಥಳ, ಇಳಿದ ಸ್ಥಳ, ವೇಳೆ, ಬಾಡಿಗೆ, ಭಕ್ಷೀಸು ಇವೆಲ್ಲವೂ ಅದರಲ್ಲಿದ್ದವು. ಟ್ಯಾಕ್ಸಿಯ ಸಂಖ್ಯೆಯನ್ನೂ ಚಾಲಕನ ಪರವಾನಗಿಯ ಸಂಖ್ಯೆಯನ್ನೂ ಮರೆಮಾಡುವುದಕ್ಕಾಗಿ ಗಣಿತದ ಸೂತ್ರವೊಂದರ ಮೂಲಕ ಅವುಗಳನ್ನು ಬೇರೆ ಅಕ್ಷರಗಳ ಸಾಲಾಗಿ ಮಾರ್ಪಡಿಸಲಾಗಿತ್ತು. ಸಂಖ್ಯೆಯಿಂದ ಆ ಸಾಲನ್ನು ಪಡೆಯುವುದು ಸುಲಭ, ಸಾಲಿನಿಂದ ಸಂಖ್ಯೆಗೆ ಹಿಂದಿರುಗಲು ನೇರವಾದ ದಾರಿಯಿಲ್ಲ ಎಂಬುದು ಈ ಸೂತ್ರದ ಗುಣ. ಆದರೆ ಅಲ್ಲಿಯ ಟ್ಯಾಕ್ಸಿಗಳ ಸಂಖ್ಯೆಗಳು ಕೆಲವೇ ನಿಯತ ರೂಪಗಳಲ್ಲಿರುವುದರಿಂದ, ಸಾಧ್ಯವಾದ ಸಂಖ್ಯೆಗಳೆಲ್ಲ ಸೇರಿ ಎರಡು ಕೋಟಿಯ ಆಸುಪಾಸಿನಲ್ಲಿ ಮುಗಿದುಹೋಗುತ್ತವೆ. ಅವೆಲ್ಲವನ್ನೂ ಅದೇ ಸೂತ್ರಕ್ಕೆ ಒಳಪಡಿಸಿ ಪಟ್ಟಿಯೊಂದನ್ನು ಸಿದ್ಧಪಡಿಸಿದರೆ ಯಾವ ಸಾಲು ಯಾವ ಸಂಖ್ಯೆಯದೆಂದು ನೋಡಿ ಹೇಳಬಹುದು. ಗಣಕಯಂತ್ರಕ್ಕೆ ಅದು ದೊಡ್ಡ ಕೆಲಸವಲ್ಲ. ಕೆಲವೇ ಗಂಟೆಗಳಲ್ಲಿ ಆ ಮುಸುಕು ಕಳಚಿಬಿದ್ದಿತು.

ಇದರ ಫಲವೇನು? ಪತ್ರಿಕೆಗಳ ಚಿತ್ರಗಳಲ್ಲಿ ಟ್ಯಾಕ್ಸಿಯ ಸಂಖ್ಯೆ ಕಾಣುತ್ತಿದ್ದ ಕಡೆ, ಅದನ್ನು ಹತ್ತಿದ ಪ್ರಸಿದ್ಧ ವ್ಯಕ್ತಿಗಳು ಎಲ್ಲಿ ಇಳಿದರೆಂಬುದು ಬಯಲಾಯಿತು. ಜನರ ಗಮನವೆಲ್ಲ ಅತ್ತ ಹರಿಯಿತು. ಆದರೆ ಹೆಚ್ಚು ಹಾನಿಗೆ ಒಳಗಾಗಬಹುದಾಗಿದ್ದವನು ಚಾಲಕ. ವರ್ಷವಿಡೀ ಅವನು ದುಡಿದುದೆಷ್ಟು, ಯಾವ ದಿನ ಎಷ್ಟು ಹೊತ್ತು ಎಲ್ಲಿದ್ದನು ಎಂಬುದನ್ನೆಲ್ಲ ಆ ದಾಖಲೆಯಿಂದ ಲೆಕ್ಕ ಹಾಕಬಹುದಾಗಿತ್ತು. ಜೀವನೋಪಾಯಕ್ಕಾಗಿ ಪರವಾನಗಿ ಪಡೆದವನು ಇದಕ್ಕೆ ಎಂದೂ ಒಪ್ಪಿಗೆ ಕೊಟ್ಟಿರಲಿಲ್ಲ.

ಹೆಸರುಗಳನ್ನೂ ಸಂಖ್ಯೆಗಳನ್ನೂ ಸಂಪೂರ್ಣವಾಗಿ ಅಳಿಸಿಬಿಟ್ಟಿದ್ದರೆ ಸಾಕಾಗುತ್ತಿದ್ದಿತೇ ಎಂದು ಕೇಳಬಹುದು. ಇವ್-ಅಲೆಕ್ಸಾಂದ್ರ್ ದ ಮೊಂಜ್ವಾ ಮತ್ತು ಅವರ ಸಹೋದ್ಯೋಗಿಗಳು ೨೦೧೩ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಪ್ರಶ್ನೆಗೆ ಉತ್ತರವಾಗಿದೆ. ಅವರು ೧೫ ಲಕ್ಷ ಜನರ ೧೫ ತಿಂಗಳ ಮೊಬೈಲ್ ದಾಖಲೆಯನ್ನು, ಹೆಸರಿಲ್ಲದಂತೆ ಮಾಡಿದುದನ್ನು, ಪರಿಶೀಲಿಸಿದರು. ಯಾವ ಗಂಟೆಯಲ್ಲಿ ಯಾವ ಗೋಪುರದ ಬಳಿ ಇದ್ದನೆಂಬ ನಾಲ್ಕು ಸಂಗತಿಗಳು ಗೊತ್ತಿದ್ದರೆ ೧೦೦ಕ್ಕೆ ೯೫ ಮಂದಿಯ ದಾಖಲೆಯನ್ನು ಉಳಿದವರೆಲ್ಲರಿಂದ ಬೇರ್ಪಡಿಸಬಹುದೆಂದು ಅವರಿಗೆ ತಿಳಿದುಬಂದಿತು. ಇದರಲ್ಲಿ ಆಶ್ಚರ್ಯವಿಲ್ಲ. ಒಂದೇ ಬಡಾವಣೆಯಿಂದ ಒಂದೇ ಕಾಲೇಜಿಗೆ ಹೋಗುವ ಅಧ್ಯಾಪಕರು ಹಲವರಿರಬಹುದು. ಅವರಲ್ಲಿ ಗುರುವಾರ ಸಂಜೆ ಇಂಥ ಆಸ್ಪತ್ರೆಗೂ ಭಾನುವಾರ ಬೆಳಿಗ್ಗೆ ಇಂಥ ದೇವಾಲಯಕ್ಕೂ ಹೋಗುವವರು ಪ್ರಾಯಶಃ ಒಬ್ಬರೇ.

೩

ಹಾಗಾದರೆ ಅಂಕಿ-ಅಂಶಗಳನ್ನು ಪ್ರಕಟಿಸುವುದೇ ಬೇಡವೇ? ಹಾಗೆನ್ನಲಾಗದು. ಷಿಕಾಗೋ ನಗರವು ೨೦೧೬ರಲ್ಲಿ ತನ್ನ ಟ್ಯಾಕ್ಸಿ ಪ್ರಯಾಣಗಳ ವಿವರವನ್ನು ಪ್ರಕಟಿಸಿದಾಗ ವೇಳೆಯನ್ನು ಹತ್ತಿರದ ೧೫ ನಿಮಿಷಗಳಿಗೆ ಹೊಂದಿಸಿತು. ಸ್ಥಳವನ್ನು ನಿಖರವಾಗಿ ಕೊಡದೆ ಜನಗಣತಿಯ ಕ್ಷೇತ್ರವನ್ನಷ್ಟೇ ಸೂಚಿಸಿತು. ಪ್ರಯಾಣಗಳು ತೀರ ವಿರಳವಾಗಿದ್ದಲ್ಲಿ ಆ ಕ್ಷೇತ್ರವನ್ನೂ ಮರೆಮಾಡಿ ಅದಕ್ಕಿಂತ ವಿಶಾಲವಾದ ಪ್ರದೇಶದ ಹೆಸರನ್ನು ಮಾತ್ರ ಉಳಿಸಿತು. ಸಂಶೋಧಕನಿಗೆ ಬೇಕಾದ ಒಟ್ಟು ಸಂಚಾರದ ಚಿತ್ರ ಇದರಿಂದ ಕೆಡುವುದಿಲ್ಲ. ವ್ಯಕ್ತಿಯನ್ನು ಹಿಂಬಾಲಿಸುವುದು ಕಷ್ಟವಾಗುತ್ತದೆ.

ಆದರೆ ನಾವು ಆರಂಭದಲ್ಲಿ ಹೇಳಿದ ತೊಡಕು ಇಲ್ಲಿಯೇ ಎದುರಾಗುತ್ತದೆ. ಪ್ರಯಾಣಗಳು ವಿರಳವಾಗಿರುವ ಸ್ಥಳ ಅನೇಕ ವೇಳೆ ನಗರದ ಹೊರವಲಯ, ಬಡವರ ಬಡಾವಣೆ, ಬಸ್ಸು ಅಪರೂಪವಾದ ಹಳ್ಳಿ. ಅಲ್ಲಿಯ ಸಂಖ್ಯೆಗಳನ್ನು ಮರೆಮಾಡಿದರೆ ಅಲ್ಲಿಯ ಜನರ ಖಾಸಗಿತನ ಉಳಿಯುತ್ತದೆ. ಜೊತೆಗೆ ಅವರಿಗೆ ಬಸ್ಸು ಬೇಕೆಂಬುದಕ್ಕೆ ಇದ್ದ ಸಾಕ್ಷ್ಯವೂ ಮರೆಯಾಗುತ್ತದೆ. ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಅಂಥ ಕಡೆ ೧೫ ನಿಮಿಷಗಳ ಲೆಕ್ಕವನ್ನು ಬಿಟ್ಟು ಒಂದು ತಿಂಗಳ ಮೊತ್ತವನ್ನು ಕೊಡಬಹುದು. ಯಂತ್ರದ ದಾಖಲೆ ಸಾಲದ ಕಡೆ ಹಳೆಯ ಕ್ರಮದಂತೆ ಮನೆಮನೆಗೆ ಹೋಗಿ, ಉದ್ದೇಶವನ್ನು ತಿಳಿಸಿ, ಒಪ್ಪಿದವರನ್ನು ಕೇಳಬಹುದು. ಬಸ್ಸು ಇಲ್ಲದ್ದರಿಂದ ಹೋಗಲಾಗದೆ ಉಳಿದವರ ಮಾತು ಸಿಗುವುದೂ ಹೀಗೆಯೇ.

ಇಲ್ಲಿ ಮುಖ್ಯವಾದುದು, ಪ್ರಶ್ನೆಯನ್ನು ಮೊದಲು ನಿಶ್ಚಯಿಸಿ ಅದಕ್ಕೆ ಬೇಕಾದಷ್ಟನ್ನೇ ಸಂಗ್ರಹಿಸುವುದು. ಪ್ರಶ್ನೆ ಸ್ಪಷ್ಟವಾಗಿದ್ದರೆ ಕೊರತೆ ಯಾವುದೆಂಬುದೂ ಹೆಚ್ಚುವರಿ ಯಾವುದೆಂಬುದೂ ಗೊತ್ತಾಗುತ್ತದೆ. ಶಕ್ತಿ ಯೋಜನೆಯನ್ನೇ ಮತ್ತೆ ನೋಡಬಹುದು. ಅದು ಆರಂಭವಾದಾಗ ಮಹಿಳೆಯು ಗುರುತಿನ ಚೀಟಿಯನ್ನು ತೋರಿಸಿ ಶೂನ್ಯ ದರದ ಟಿಕೆಟನ್ನು ಪಡೆಯುವ ವ್ಯವಸ್ಥೆಯಿತ್ತು. ನಿಗಮಕ್ಕೆ ಸರ್ಕಾರ ಕೊಡಬೇಕಾದ ಹಣವನ್ನು ಲೆಕ್ಕ ಹಾಕಲು ಟಿಕೆಟ್ಟಿನ ಎಣಿಕೆ ಸಾಕು, ಹೆಸರು ಬೇಕಿಲ್ಲ. ಪ್ರತಿ ಪ್ರಯಾಣವನ್ನೂ ಹೆಸರಿರುವ ಕಾರ್ಡಿಗೆ ಜೋಡಿಸಿದರೆ ಎಲ್ಲಿ ಬಸ್ಸು ಬದಲಾಯಿಸುತ್ತಾರೆಂಬ ಉಪಯುಕ್ತ ವಿಷಯ ತಿಳಿದೀತು. ಆದರೆ ಅದರೊಡನೆ ಒಬ್ಬ ಹೆಣ್ಣುಮಗಳ ವರ್ಷವಿಡೀ ಹೋಗಿಬರುವಿಕೆಯ ದಿನಚರಿಯೇ ಕಚೇರಿಯೊಂದರಲ್ಲಿ ಸಿದ್ಧವಾಗುತ್ತದೆ. ಬಸ್ಸು ಬದಲಾಯಿಸುವ ವಿಷಯವನ್ನು ಅರಿಯಲು, ಒಪ್ಪಿದ ಕೆಲವು ನೂರು ಮಂದಿಯ ಮಾದರಿ ಸಮೀಕ್ಷೆಯನ್ನೋ ಪ್ರತಿದಿನವೂ ಬದಲಾಗುವ ಗುಪ್ತಸಂಖ್ಯೆಯನ್ನೋ ಬಳಸಬಹುದು.

ಕಾನೂನೂ ಇದೇ ದಿಕ್ಕಿನಲ್ಲಿದೆ. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ನೆಯ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದರು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ, ವ್ಯಕ್ತಿಯ ಸಮ್ಮತಿಯು ಹೇಳಿದ ಉದ್ದೇಶಕ್ಕೆ ಅಗತ್ಯವಾದಷ್ಟು ವಿವರಕ್ಕೆ ಮಾತ್ರ ಅನ್ವಯಿಸುತ್ತದೆಂದು ವಿಧಿಸಿದೆ.

ಸಂಚಾರದ ಅಂಕಿಗಳ ಕೋಷ್ಟಕವೊಂದು ಕೈಗೆ ಬಂದಾಗ ವಿದ್ಯಾರ್ಥಿಗಳು ಅದನ್ನು ಕೂಡಿ ಕಳೆಯುವ ಮೊದಲು ಅದು ಯಾವ ಪ್ರಶ್ನೆಗಾಗಿ, ಯಾರ ಅರಿವಿನಿಂದ, ಯಾವ ಯಂತ್ರದ ಮೂಲಕ ಸಿದ್ಧವಾಯಿತೆಂದು ವಿಚಾರಿಸಬೇಕು. ಅಧ್ಯಾಪಕರು ತಮ್ಮ ತರಗತಿಯನ್ನು ಒಂದು ದಿನ ಊರಿನ ಬಸ್ಸು ನಿಲ್ದಾಣಕ್ಕೆ ಕರೆದೊಯ್ದು, ಬಸ್ಸು ಹತ್ತಿದವರನ್ನಲ್ಲದೆ ಹತ್ತಲಾಗದೆ ಹಿಂದಿರುಗಿದವರನ್ನೂ, ಯಾರ ಹೆಸರನ್ನೂ ಕೇಳದೆ, ಎಣಿಸಲು ಹೇಳಬಹುದು. ಅದಕ್ಕೆ ಬೇಕಾದುದು ಒಂದು ಕಾಗದ, ಒಂದು ಪೆನ್ಸಿಲು ಮತ್ತು ಒಂದು ಬೆಳಗು.