ಭಾಷೆ ಬೇಡದ ನಗೆ

ನಮ್ಮ ತಂದೆಯವರು ಗದಗಿನಿಂದ ಡೊಂಬಿವಲಿಗೆ ಬಂದು ಆರು ತಿಂಗಳಾಗಿತ್ತು. ತಾಯಿಯವರು ತೀರಿಕೊಂಡ ಮೇಲೆ ಊರಿನಲ್ಲಿ ಒಬ್ಬರೇ ಇರುವುದು ಬೇಡವೆಂದು ನಾವೇ ಕರೆತಂದಿದ್ದೆವು. ಅವರಿಗೆ ಮರಾಠಿ ಬಾರದು, ಹಿಂದಿ ತಿಳಿಯದು. ಹಗಲೆಲ್ಲ ಕಿಟಕಿಯ ಬಳಿ ಸುಮ್ಮನೆ ಕುಳಿತಿರುವರು. ಕೊನೆಗೊಂದು ದಿನ, "ತಮ್ಮಾ, ನನ್ನ ಊರಿಗೆ ಕಳಿಸಿಬಿಡಪಾ" ಎಂದರು.

ಮರುದಿನ ಕಚೇರಿಗೆ ಹೋಗುವಾಗ ಲೋಕಲ್ ಗಾಡಿಯಲ್ಲಿ ಈ ಸಂಕಟವನ್ನು ಸಹೋದ್ಯೋಗಿಗಳೊಡನೆ ಹಿಂದಿಯಲ್ಲಿ ತೋಡಿಕೊಂಡೆವು. ಪಕ್ಕದಲ್ಲಿದ್ದ ಅಪರಿಚಿತ ವೃದ್ಧರೊಬ್ಬರು ಅದನ್ನು ಕೇಳಿಸಿಕೊಂಡು, "ಅವರಿಗೆ 'ಮಸ್ಯೋ ಉಲೋನ ರಜೆ' ಎಂಬ ಫ್ರೆಂಚ್ ಚಿತ್ರ ತೋರಿಸಿ. ಅದಕ್ಕೆ ಭಾಷೆ ಬೇಕಿಲ್ಲ" ಎಂದರು, ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು ದಾದರಿನಲ್ಲಿ ಇಳಿದುಹೋದರು.

"ಕನ್ನಡ ಚಿತ್ರಕ್ಕೇ ಮುಖ ತಿರುಗಿಸುವವರಿಗೆ ಫ್ರೆಂಚ್ ಚಿತ್ರವೇ?" ಎಂದು ಮನೆಯಾಕೆ ನಕ್ಕಳು. ಆದರೂ ಒಂದು ಭಾನುವಾರ ಅದನ್ನು ಹುಡುಕಿ ಟಿ.ವಿ.ಗೆ ಹಾಕಿದೆವು.

1953ರಲ್ಲಿ ತೆರೆಕಂಡ ಕಪ್ಪು-ಬಿಳುಪಿನ ಚಿತ್ರವದು. ಝಾಕ್ ತಾತಿ ಎಂಬವರೇ ನಿರ್ದೇಶಕರು, ಅವರೇ ಉಲೋ. ಆರಂಭದಲ್ಲಿ ಒಂದು ರೈಲು ನಿಲ್ದಾಣ. ಧ್ವನಿವರ್ಧಕ ಗೊರಗೊರ ಒದರುತ್ತದೆ. ಯಾರಿಗೂ ಏನೂ ತಿಳಿಯದು. ಜನರೆಲ್ಲ ಗಂಟುಮೂಟೆ ಹಿಡಿದು ಈ ಪ್ಲಾಟ್‌ಫಾರಮ್ಮಿನಿಂದ ಆ ಪ್ಲಾಟ್‌ಫಾರಮ್ಮಿಗೆ ಓಡುತ್ತಾರೆ. ತಂದೆಯವರು ತಟ್ಟನೆ, "ಇದು ನಿಮ್ಮ ಡೊಂಬಿವಲಿನೇ ಅಲ್ಲೇನು!" ಎಂದರು.

ಉಲೋ ಲಟಪಟ ಸದ್ದಿನ ಪುಟ್ಟ ಮೋಟಾರಿನಲ್ಲಿ ಕಡಲತೀರದ ಹೋಟೆಲಿಗೆ ಬರುತ್ತಾನೆ. ಅವನು ಬಾಗಿಲು ತೆರೆದಿಟ್ಟರೆ ಸಾಕು, ಗಾಳಿ ನುಗ್ಗಿ ಹಜಾರವೆಲ್ಲ ಅಲ್ಲೋಲಕಲ್ಲೋಲ. ಯಾರಿಗೂ ಕೇಡು ಬಯಸದವನು, ಆದರೆ ಮುಟ್ಟಿದ್ದೆಲ್ಲ ಎಡವಟ್ಟು. ಚಿತ್ರದಲ್ಲಿ ಮಾತು ತೀರ ಕಡಿಮೆ. ಊಟದ ಕೋಣೆಯ ಬಾಗಿಲಿನ ಸದ್ದೇ ನಗಿಸುತ್ತದೆ. ತಂದೆಯವರು ಕಣ್ಣೊರೆಸಿಕೊಂಡು ನಕ್ಕರು.

ಕಡೆಗೆ ರಜೆ ಮುಗಿದು ಎಲ್ಲರೂ ಒಬ್ಬರಿಗೊಬ್ಬರು ವಿದಾಯ ಹೇಳುವಾಗ ಉಲೋನನ್ನು ಕೇಳುವವರಿಲ್ಲ. ಒಬ್ಬ ಆಂಗ್ಲ ಮಹಿಳೆ, ಸದಾ ಹೆಂಡತಿಯ ಹಿಂದೆ ನಡೆಯುತ್ತಿದ್ದ ಒಬ್ಬ ಮುದುಕ, ಇವರಿಬ್ಬರು ಮಾತ್ರ ಆತನನ್ನು ಬೀಳ್ಕೊಡುತ್ತಾರೆ. ತಂದೆಯವರ ನಗೆ ನಿಂತಿತು. "ಪಾಪ, ಅಂವನ್ನ ಯಾರೂ ಮಾತಾಡಸಲೇ ಇಲ್ಲ" ಎಂದರು.

ನಾವು ತಲೆ ತಗ್ಗಿಸಿದೆವು. ಆರು ತಿಂಗಳಿಂದ ಅವರಿಗೆ ಹೊತ್ತಿಗೆ ಸರಿಯಾಗಿ ಊಟ, ಔಷಧ ಕೊಟ್ಟಿದ್ದೆವು; ಒಂದು ಗಳಿಗೆ ಜೊತೆಗೆ ಕುಳಿತಿರಲಿಲ್ಲ. ಭಾಷೆ ಬಾರದ ಊರಿನ ತಪ್ಪಷ್ಟೇ ಅಲ್ಲ ಅದು. ಕನ್ನಡ ಬರುವ ನಮ್ಮದೂ ಹೌದು.

ತಂದೆಯವರು ಊರಿನ ಮಾತನ್ನು ಈಗಲೂ ಎತ್ತುವುದುಂಟು. ಆದರೆ ಭಾನುವಾರ ಬಂದರೆ, "ಇವತ್ತ ಯಾವ ಸಿನಿಮಾ?" ಎಂದು ತಾವಾಗಿಯೇ ಕೇಳುತ್ತಾರೆ. ನಾವೂ ಪಕ್ಕದಲ್ಲಿ ಕೂಡುತ್ತೇವೆ.

ತಾತಿಯವರು 1982ರಲ್ಲಿ ತೀರಿಕೊಂಡರು. ಚಿತ್ರ ತೆಗೆದ ಫ್ರಾನ್ಸಿನ ಸೇಂ ಮಾರ್ಕ್ ಊರಿನ ಕಡಲತೀರದಲ್ಲಿ ಉಲೋನ ಪ್ರತಿಮೆ ನಿಂತಿದೆ. ದಾದರಿನಲ್ಲಿ ಇಳಿದುಹೋದ ಮಹನೀಯರ ಹೆಸರು ಮಾತ್ರ ನಮಗೆ ತಿಳಿಯದು. ಎಲ್ಲಿದ್ದರೂ ಅವರಿಗೆ ನಮ್ಮ ನಮಸ್ಕಾರ.